ನಮ್ಮ ಟೈಲರ್ ಮಾವ ಯಾರೆಂದು ಡೊಂಬಿವಲಿಯಿಂದ ಗೊತ್ತಾಯಿತು

ನಿಮ್ಮ ಪ್ರಶ್ನೆ ಇದು: ಅಪ್ಪನ ಹಳೇ ಗೆಳೆಯರೊಬ್ಬರ ಫೋಟೋ ಅಂತರ್ಜಾಲದಲ್ಲಿ ಬೇರೆಯೇ ಹೆಸರಿನ ಜೊತೆ ಕಣ್ಣಿಗೆ ಬಿದ್ದಿದೆ, ಅವರ ಹತ್ತಿರ ಹೇಳಬೇಕಾ, ನೋಡಿಯೇ ಇಲ್ಲ ಅನ್ನುವ ಹಾಗೆ ಸುಮ್ನಿರಬೇಕಾ?

ಹೇಳಿ. ಆದರೆ ಮೊದಲು ಅವರಿಗೇ ಹೇಳಿ. ಮನೆಯವರಿಗೆ ಹೇಳಿದ್ದು ಅವರ ಕಿವಿಗೆ ಸುತ್ತಿ ಬಳಸಿ ಹೋಗುವಂತೆ ಆಗಬಾರದು. ನಮ್ಮ ಮನೆಯಲ್ಲೂ ಇಂಥದ್ದೇ ಒಂದು ನಡೆದಿದೆ, ಅದಕ್ಕೇ ಇಷ್ಟು ಖಂಡಿತವಾಗಿ ಹೇಳುತ್ತಿದ್ದೇನೆ. ಸ್ವಲ್ಪ ಉದ್ದ ಆಗುತ್ತದೆ.

ನಮ್ಮದು ಕಾಸರಗೋಡು ಜಿಲ್ಲೆ, ಬದಿಯಡ್ಕದ ಕಡೆ. ಅಪ್ಪ ಕನ್ನಡ ಶಾಲೆಯಲ್ಲಿ ಮಾಷ್ಟ್ರಾಗಿದ್ದರು. ಪೇಟೆಯಲ್ಲಿ ಒಬ್ಬರು ಟೈಲರ್ ಇದ್ದರು, ಈಗಲೂ ಇದ್ದಾರೆ. ನಾವು ಮಕ್ಕಳೆಲ್ಲ ಟೈಲರ್ ಮಾವ ಅಂತಲೇ ಕರೆಯುವುದು. ನಮ್ಮ ಯೂನಿಫಾರ್ಮ್, ಅಮ್ಮನ ರವಕೆ, ಅಪ್ಪನ ಅಂಗಿ ಎಲ್ಲ ಅವರೇ ಹೊಲಿದದ್ದು. ಅಂಗಡಿಯ ಹಿಂದಿನ ಕೋಣೆಯಲ್ಲೇ ವಾಸ. ಮದುವೆ ಆಗಲಿಲ್ಲ. ಬಿಸು, ಅಷ್ಟಮಿ, ದೀಪಾವಳಿಗೆ ಊಟ ನಮ್ಮಲ್ಲೇ. ನಿಮ್ಮ ಊರು ಯಾವುದು ಅಂತ ಯಾರಾದರೂ ಕೇಳಿದರೆ "ಉಡುಪಿ ಕಡೆ" ಅನ್ನುತ್ತಿದ್ದರು. ಅದಕ್ಕಿಂತ ಜಾಸ್ತಿ ಒಂದು ಮಾತು ಬರುತ್ತಿರಲಿಲ್ಲ.

ಅವರದ್ದು ಒಂದೇ ವಿಚಿತ್ರ ಇತ್ತು. ನಮ್ಮದು ಕುಂಬಳೆ ಸೀಮೆ, ಯಕ್ಷಗಾನ ಕವಿ ಪಾರ್ತಿಸುಬ್ಬನ ಊರು. ನವೆಂಬರಿನಿಂದ ಮೇ ತನಕ ಅಕ್ಕಪಕ್ಕದಲ್ಲಿ ಎಲ್ಲಾದರೂ ಒಂದು ಯಕ್ಷಗಾನದ ಆಟ ಇದ್ದೇ ಇರುತ್ತದೆ. ಚೆಂಡೆ ಕೇಳಿದರೆ ಜ್ವರ ಬಂದವರೂ ಎದ್ದು ಹೊರಡುವ ಊರು. ಟೈಲರ್ ಮಾವ ಮಾತ್ರ ಬರುತ್ತಿರಲಿಲ್ಲ. ಕಣ್ಣು ನೋವು, ನಾಳೆಗೆ ಕೊಡಬೇಕಾದ ಬಟ್ಟೆ ಉಂಟು, ಹೀಗೆ ಏನಾದರೂ ಒಂದು ನೆವ. ಮಂಗಳೂರು ಆಕಾಶವಾಣಿಯಲ್ಲಿ ತಾಳಮದ್ದಳೆ ಶುರುವಾದರೆ ರೇಡಿಯೋದ ಕಿವಿ ಹಿಂಡಿ ಬೇರೆ ಸ್ಟೇಷನ್ನಿಗೆ ತಿರುಗಿಸುತ್ತಿದ್ದರು. ಅವರಿಗೆ ಯಕ್ಷಗಾನ ಹಿಡಿಸುವುದಿಲ್ಲ ಅಂತ ನಾವೆಲ್ಲ ತೀರ್ಮಾನ ಮಾಡಿಬಿಟ್ಟಿದ್ದೆವು.

ಅಕ್ಕನ ಮದುವೆಯ ದಿನ ಸೀರೆ ಉಡಿಸುವವಳು ಬರುವಾಗ ತಡವಾಯಿತು. ಟೈಲರ್ ಮಾವ ಬಾಗಿಲ ಹೊರಗೆ ನಿಂತು, ಒಳಗಿದ್ದ ಅತ್ತೆಗೆ ಒಂದೊಂದಾಗಿ ಹೇಳಿಕೊಟ್ಟರು. ನೆರಿಗೆ ಎಲ್ಲಿಂದ ಹಿಡಿಯಬೇಕು, ಪಿನ್ನು ಎಲ್ಲಿ ಕುತ್ತಬೇಕು, ಚೌರಿ ಜಾರದ ಹಾಗೆ ಹೇಗೆ ಕಟ್ಟಬೇಕು. ಬಟ್ಟೆಯ ಕೆಲಸದವರಲ್ವಾ, ಗೊತ್ತಿರುತ್ತದೆ ಅಂದುಕೊಂಡೆವು. ಚೌರಿ ಕಟ್ಟುವುದು ಟೈಲರಿಗೆ ಯಾಕೆ ಗೊತ್ತಿರಬೇಕು ಎಂದು ಯಾರೂ ಕೇಳಲಿಲ್ಲ.

ಅಪ್ಪ ತೀರಿಕೊಂಡ ಮೇಲೆ ಅವರ ಪೆಟ್ಟಿಗೆಯಲ್ಲಿ ಹಳೇ ನೆಗೆಟಿವ್‌ಗಳು ಸಿಕ್ಕಿದವು. ಅವರ ಹತ್ತಿರ ಒಂದು ಆಗ್ಫಾ ಕ್ಲಿಕ್ ಕ್ಯಾಮೆರಾ ಇತ್ತು. ಒಂದಷ್ಟು ಸ್ಕ್ಯಾನ್ ಮಾಡಿ, ಕಾಸರಗೋಡಿನ ಹಳೇ ಚಿತ್ರಗಳನ್ನು ಹಾಕುವ ಫೇಸ್‌ಬುಕ್ ಗುಂಪಿನಲ್ಲಿ ಹಾಕಿದೆ. ಅದರಲ್ಲಿ ಒಂದು ಟೈಲರ್ ಅಂಗಡಿಯ ಮುಂಭಾಗದ್ದು. ಮೇಲೆ ಕನ್ನಡದ ಬೋರ್ಡು, ಕೆಳಗಿನ ಸಾಲಿನಲ್ಲಿ "ಕಣ್ಣಾನೂರು ಜಿಲ್ಲೆ" ಎಂದಿದೆ. ಕಾಸರಗೋಡು ಬೇರೆ ಜಿಲ್ಲೆಯಾದದ್ದು 1984ರ ಮೇ ತಿಂಗಳಲ್ಲಿ. ಹಾಗಾಗಿ ಅದಕ್ಕಿಂತ ಹಿಂದಿನ ಚಿತ್ರ ಅಂತ ಗೊತ್ತಾಯಿತು. ಕೆಳಗೆ ಬಂದ ಮಾತುಗಳೆಲ್ಲ ಬೋರ್ಡಿನ ಬಗ್ಗೆಯೇ. 1956ರಲ್ಲಿ ನಮ್ಮನ್ನು ಕೇರಳಕ್ಕೆ ಸೇರಿಸಿದ್ದು, ಚಂದ್ರಗಿರಿ ಹೊಳೆಯ ಉತ್ತರದ ಭಾಗ ಆಗಿನ ಮೈಸೂರು ರಾಜ್ಯಕ್ಕೆ ಸೇರಬೇಕೆಂದು ಮಹಾಜನ ಆಯೋಗ 1967ರಲ್ಲಿ ಹೇಳಿದ್ದು, ಕೊನೆಗೆ ಏನೂ ಆಗದೆ ಇದ್ದದ್ದು. ನಮ್ಮವರು ಎಲ್ಲಿ ಸೇರಿದರೂ ಮಾತು ಅಲ್ಲಿಗೇ ಬರುತ್ತದೆ, ನೋವು ಅಂಥದ್ದು.

ಈ ಗಲಾಟೆಯ ನಡುವೆ ಮುಂಬಯಿ ಹತ್ತಿರದ ಡೊಂಬಿವಲಿಯ ಒಬ್ಬರು ನನಗೆ ಖಾಸಗಿಯಾಗಿ ಸಂದೇಶ ಕಳಿಸಿದರು. ಮೂಲ ಕುಂದಾಪುರದ ಕಡೆಯವರು. ಅವರ ತಂದೆ ಮುಂಬಯಿಯಲ್ಲಿ ಹೋಟೆಲ್ ನಡೆಸುತ್ತಿದ್ದರಂತೆ, ಮಳೆಗಾಲದಲ್ಲಿ ಊರಿನ ಯಕ್ಷಗಾನ ಮೇಳಗಳನ್ನು ಕರೆಸಿ ಆಟ ಆಡಿಸುತ್ತಿದ್ದರಂತೆ. "ಕತ್ತರಿ ಹಿಡಿದು ನಿಂತವರು ಯಾರು? ನಮ್ಮ ಆಲ್ಬಮ್ಮಿನಲ್ಲಿ ಇವರು ಇದ್ದಾರೆ" ಎಂದು ಬರೆದು ಒಂದು ಚಿತ್ರ ಕಳಿಸಿದರು.

ಅದು ಚೌಕಿಯಲ್ಲಿ, ಅಂದರೆ ವೇಷ ಕಟ್ಟುವ ಜಾಗದಲ್ಲಿ ತೆಗೆದ ಚಿತ್ರ. ಹಿಂದೆ 1972 ಎಂದು ಬರೆದಿದೆಯಂತೆ. ಒಬ್ಬ ಹುಡುಗ ಚಾಪೆಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತಿದ್ದಾನೆ. ಬಲಗೈಯಲ್ಲಿ ಸಣ್ಣ ಕನ್ನಡಿ, ಎಡಗೈಯ ಬೆರಳಿನಿಂದ ಹುಬ್ಬು ತೀಡುತ್ತಿದ್ದಾನೆ. ಮುಖದ ಅರ್ಧಕ್ಕೆ ಬಣ್ಣ ಬಿದ್ದಿದೆ, ಇನ್ನರ್ಧ ಹಾಗೇ ಉಂಟು. ಅವನ ಹಿಂದೆ ಮೂವರು, ಒಬ್ಬರು ಮುಂಡಾಸು ಕಟ್ಟಿಸಿಕೊಳ್ಳುತ್ತಿದ್ದಾರೆ. ಬಣ್ಣ ಇಲ್ಲದ ಆ ಅರ್ಧ ಮುಖ ನೋಡಿ ನನ್ನ ಎದೆ ಧಸಕ್ಕೆಂದಿತು.

ಆದರೂ ಮುಖ ಹೋಲುತ್ತದೆ ಎಂದ ಮಾತ್ರಕ್ಕೆ ನಂಬಬೇಡಿ. ನಾನು ಕೈ ನೋಡಿದೆ. ಟೈಲರ್ ಮಾವ ಎಡಚರು, ನನ್ನ ಚಿತ್ರದಲ್ಲೂ ಕತ್ತರಿ ಎಡಗೈಯಲ್ಲೇ ಇದೆ. ಇಲ್ಲಿ ಒಂದು ಎಚ್ಚರ ಬೇಕು. ನೆಗೆಟಿವನ್ನು ತಿರುವಿ ಇಟ್ಟು ಪ್ರಿಂಟ್ ಹಾಕಿದರೆ ಅಥವಾ ಸ್ಕ್ಯಾನ್ ಮಾಡಿದರೆ ಎಡ ಬಲ ಅದಲುಬದಲಾಗುತ್ತದೆ. ಹಾಗಾಗಿ ಚಿತ್ರದೊಳಗೆ ಎಲ್ಲಾದರೂ ಅಕ್ಷರ ಇದೆಯಾ ನೋಡಬೇಕು. ನನ್ನದರಲ್ಲಿ ಅಂಗಡಿಯ ಬೋರ್ಡು ಸರಿಯಾಗಿ ಓದಲು ಬರುತ್ತದೆ. ಅವರದ್ದರಲ್ಲಿ ವೇಷದ ಪೆಟ್ಟಿಗೆಯ ಮೇಲೆ ಮೇಳದ ಹೆಸರು, ಅದೂ ಸರಿಯಾಗಿಯೇ ಇದೆ. ಎರಡರಲ್ಲೂ ಎಡಗೈಯೇ. ನೀವು ನೋಡಿದ ಫೋಟೋದಲ್ಲೂ ಇಂಥದ್ದೇನಾದರೂ ಇದ್ದರೆ ಮೊದಲು ಅದನ್ನು ನೋಡಿ. ಕೆಳಗೆ ಯಾರೋ ಬರೆದ ಹೆಸರು ಆಮೇಲೆ.

ಆ ಮುಂಡಾಸಿನಿಂದ ಇನ್ನೊಂದು ವಿಷಯವೂ ಗೊತ್ತಾಯಿತು. ಅದು ಬಡಗುತಿಟ್ಟಿನ, ಅಂದರೆ ಉತ್ತರದ ಶೈಲಿಯ ಮೇಳ. ನಮ್ಮ ಕಡೆ ಎಲ್ಲ ತೆಂಕು, ದಕ್ಷಿಣದ ಶೈಲಿ, ಕಿರೀಟದ ವೇಷ. ಬಡಗಿನ ಕಲಾವಿದರೊಬ್ಬರು ಕಾಸರಗೋಡಿನ ಹಳ್ಳಿಯೊಂದರಲ್ಲಿ ಇಷ್ಟು ವರ್ಷ ಇದ್ದರೂ ಯಾರೂ ಗುರುತು ಹಿಡಿಯದೆ ಇದ್ದದ್ದು ಹೇಗೆ ಎಂಬ ಪ್ರಶ್ನೆಗೆ ಅಲ್ಲೇ ಉತ್ತರ ಸಿಕ್ಕಿತು. ಅದರಲ್ಲೂ ಸ್ತ್ರೀವೇಷದವರ ನಿಜವಾದ ಮುಖ ಚೌಕಿಯೊಳಗೆ ಹೋದವರಿಗೆ ಮಾತ್ರ ಗೊತ್ತು. ಆಗ ಮೇಳಗಳಲ್ಲಿ ಹೆಣ್ಣಿನ ವೇಷವನ್ನೂ ಗಂಡಸರೇ ಮಾಡುವುದು. ಡೇರೆಯಲ್ಲಿ ಟಿಕೆಟ್ ಕೊಟ್ಟು ಕೂತವರು ನೋಡಿದ್ದು ದಮಯಂತಿಯನ್ನು, ಚಂದ್ರಮತಿಯನ್ನು.

ಮುಂದಿನದ್ದು ಹೇಳುವಾಗ ಡೊಂಬಿವಲಿಯವರ ದನಿ ಬದಲಾಯಿತು. "ಒಳ್ಳೇ ವೇಷಧಾರಿ. ಆದರೆ ಮೇಳದ ಯಜಮಾನ್ರ ಹತ್ರ ಮುಂಗಡ ತಗೊಂಡು ತಿರುಗಾಟಕ್ಕೆ ಬಾರದೆ ಓಡಿಹೋದವರು ಅಂತ ನನ್ನ ತಂದೆ ಹೇಳ್ತಿದ್ರು." ಮೇಳದ ಪದ್ಧತಿ ಹಾಗೆ. ಮಳೆಗಾಲದಲ್ಲೇ ಮುಂದಿನ ತಿರುಗಾಟದ ಮಾತುಕತೆ ಆಗುತ್ತದೆ, ಕಲಾವಿದರಿಗೆ ಮುಂಗಡ ಸಿಗುತ್ತದೆ. ಕೆಲಸ ಇಲ್ಲದ ಆ ತಿಂಗಳುಗಳಲ್ಲಿ ಮನೆ ನಡೆಯುವುದು ಅದರಲ್ಲೇ. ಅದನ್ನು ತೆಗೆದುಕೊಂಡು ಬಾರದೆ ಇರುವುದೆಂದರೆ ದೊಡ್ಡ ಮಾತು.

ಈಗ ಹೇಳಿ, ಇದನ್ನು ಹಿಡಿದುಕೊಂಡು ನಾನು ಊರಿಗೆ ಹೋಗಿ ಅಮ್ಮನ ಹತ್ತಿರ ಹೇಳಿದ್ದರೆ? ಅಪ್ಪನ ಪಕ್ಕ ಕೂತು ಊಟ ಮಾಡಿದ ಮನುಷ್ಯನನ್ನು ಮನೆಯವರು ಬೇರೆ ಕಣ್ಣಿನಿಂದ ನೋಡಲು ಶುರು ಮಾಡುತ್ತಿದ್ದರು. ಅದೂ ಅವರ ಬಾಯಿಂದ ಒಂದು ಮಾತು ಕೇಳದೆ. ನನಗೆ ಅದು ಸರಿ ಕಾಣಲಿಲ್ಲ.

ಹಾಗಾಗಿ ಇನ್ನೂ ಸ್ವಲ್ಪ ಹುಡುಕಿದೆ. ಬಡಗಿನ ಹಳೇ ಧ್ವನಿಮುದ್ರಣಗಳನ್ನು ಯೂಟ್ಯೂಬಿಗೆ ಹಾಕುವವರೊಬ್ಬರ ಹತ್ತಿರ ಅದೇ ಮೇಳದ ಹ್ಯಾಂಡ್‌ಬಿಲ್‌ಗಳೂ ಇದ್ದವು. ಒಂದು 1977ರದ್ದು. ಸ್ತ್ರೀವೇಷದ ಜಾಗದಲ್ಲಿ ಬೇರೆ ಹೆಸರು. ಬಾಕಿ ಹೆಚ್ಚಿನವರು ಅವರೇ. ಆಗ ಅದು ಅಷ್ಟು ಮುಖ್ಯ ಅನ್ನಿಸಲಿಲ್ಲ, ಸುಮ್ನೆ ಫೋನಿನಲ್ಲಿ ಇಟ್ಟುಕೊಂಡೆ.

ಊರಿಗೆ ಹೋದಾಗ ಮಧ್ಯಾಹ್ನ, ಪೇಟೆ ಖಾಲಿ ಇರುವ ಹೊತ್ತಿಗೆ ಅಂಗಡಿಗೆ ಹೋದೆ. ಅವರು ಕಾಜ ಹೊಲಿಯುತ್ತಿದ್ದರು. "ಮಾವ, ನಿಮ್ಮ ಹಳೇ ವಿಷಯ ಒಂದು ನನಗೆ ಗೊತ್ತಾಗಿದೆ. ಬೇರೆ ಯಾರಿಗೂ ಹೇಳಲಿಲ್ಲ. ನೀವು ಬೇಡ ಅಂದರೆ ಇಲ್ಲಿಗೇ ಬಿಟ್ಟೆ" ಅಂದೆ. ಮೇಳದ ಹೆಸರು ಮಾತ್ರ ಹೇಳಿದೆ.

ಸೂಜಿ ನಿಂತಿತು. ಯಾರು ಹೇಳಿದ್ದು ಎಂದು ಕೇಳಲಿಲ್ಲ. ಹೇಗೆ ಗೊತ್ತಾಯಿತು ಎಂದೂ ಕೇಳಲಿಲ್ಲ. "ಯಜಮಾನ್ರು ಇದ್ದಾರಾ?" ಎಂದು ಕೇಳಿದರು.

ಯಜಮಾನರು ತೀರಿಹೋಗಿ ಬಹಳ ವರ್ಷ ಆಗಿದೆ, ಮಗ ಮುಂಬಯಿಯಲ್ಲಿದ್ದಾರೆ ಎಂದೆ. ಆಮೇಲೆ ಅವರೇ ಹೇಳಿದರು. 1974ರ ಮಳೆಗಾಲದಲ್ಲಿ 800 ರೂಪಾಯಿ ಮುಂಗಡ ತೆಗೆದುಕೊಂಡಿದ್ದರು. ತಂಗಿಯ ಮದುವೆಗೆ ಅದು ಖರ್ಚಾಯಿತು. ಅದರ ಬೆನ್ನಿಗೇ ಟೈಫಾಯ್ಡ್ ಬಂತು. ಎದ್ದು ಕೂರುವಾಗ ಸ್ವರ ಹೋಗಿತ್ತು, ನಾಲ್ಕು ಹೆಜ್ಜೆ ಕುಣಿದರೆ ಮಂಡಿ ಕುಸಿಯುತ್ತಿತ್ತು. ಸ್ವರ ಇಲ್ಲದ ಸ್ತ್ರೀವೇಷ ಯಾರಿಗೆ ಬೇಕು? ಯಜಮಾನರ ಮುಖ ನೋಡುವ ಧೈರ್ಯ ಬರಲಿಲ್ಲ. ಮೇಳದಲ್ಲಿ ವೇಷದ ಬಟ್ಟೆ ಹೊಲಿದು ಕೈ ಪಳಗಿತ್ತು. ಬಸ್ಸು ಹತ್ತಿ ಕೇರಳದ ಗಡಿಯ ತಲಪಾಡಿ ದಾಟಿಬಿಟ್ಟರು. "ಬೇರೆ ರಾಜ್ಯ, ಬೇರೆ ತಿಟ್ಟು. ತೆಂಕಿನವರಿಗೆ ಬಡಗಿನವರ ಮುಖ ಯಾಕೆ ಗೊತ್ತಿರ್ತದೆ ಮಾರಾಯ?" ತಂಗಿಗೆ ಮಾತ್ರ ವಿಳಾಸ ಗೊತ್ತಿತ್ತಂತೆ.

"ಆಟಕ್ಕೆ ಯಾಕೆ ಬರ್ತಿರಲಿಲ್ಲ?" ಎಂದೆ.

"ಬಂದ್ರೆ ಕಾಲು ಸುಮ್ನೆ ಇರ್ತದಾ?"

ಅವರನ್ನು ಒಳಗೊಳಗೇ ತಿಂದದ್ದು 800 ರೂಪಾಯಿ ಅಲ್ಲ. ಅವರು ಬಿಟ್ಟ ಮೇಲೆ ಆ ಮೇಳ ಮುರಿದುಬಿತ್ತು, ಯಜಮಾನರು ತಮ್ಮಿಂದಲೇ ಹಾಳಾದರು ಎಂದು ಯಾರೋ ಹೇಳಿದ್ದನ್ನು ನಂಬಿಕೊಂಡು ಕೂತಿದ್ದರು. ವಿಚಾರಿಸುವುದಾದರೂ ಯಾರ ಹತ್ತಿರ? ವಿಚಾರಿಸಿದರೆ ಸಿಕ್ಕಿಬೀಳುತ್ತಾರೆ. ನಾನು ಫೋನು ತೆಗೆದು 1977ರ ಹ್ಯಾಂಡ್‌ಬಿಲ್ ತೋರಿಸಿದೆ. ಕನ್ನಡಕ ಹಾಕಿಕೊಂಡು, ಹೊಲಿಯುವಾಗ ತೊಡುವ ಬೆರಳಟೋಪಿಯನ್ನೂ ತೆಗೆಯದೆ, ಒಂದೊಂದು ಹೆಸರಿನ ಮೇಲೆ ಬೆರಳಿಟ್ಟು ಓದಿದರು. ಭಾಗವತರು, ಮದ್ದಳೆ, ಚೆಂಡೆ, ಎರಡನೇ ವೇಷ. ಸ್ತ್ರೀವೇಷದ ಹೆಸರು ಬಂದಾಗ ಬೆರಳು ನಿಂತಿತು. "ಇವನಾ! ಇವನಿಗೆ ಹೆಜ್ಜೆ ಹೇಳಿಕೊಟ್ಟದ್ದೇ ನಾನು." ಆಮೇಲೆ ತೇದಿಯನ್ನು ಮತ್ತೆ ಓದಿದರು. ಮತ್ತೆ ಕೇಳಿದರು, "ಇದು ಎಪ್ಪತ್ತೇಳಾ? ಸರಿಯಾಗಿ ನೋಡು."

ನೀವು ಕೇಳಿದ್ದಕ್ಕೆ ನನ್ನ ಉತ್ತರ ಬಂದದ್ದು ಇಲ್ಲಿಂದ. ಮುಚ್ಚಿಟ್ಟುಕೊಂಡವರು ಆ ಕಡೆ ತಿರುಗಿ ನೋಡದೆ ಇರುವುದರಿಂದ, ಆಮೇಲೆ ಅಲ್ಲಿ ಏನಾಯಿತು ಅಂತ ಅವರಿಗೇ ಗೊತ್ತಿರುವುದಿಲ್ಲ. ಅದು ನಮಗೆ ಸಿಕ್ಕಿದ್ದರೆ ಕೊಡಬೇಕು. ಆದರೆ ಬೇಡ ಎನ್ನುವ ಅವಕಾಶವನ್ನೂ ಅವರಿಗೇ ಬಿಡಬೇಕು.

ದುಡ್ಡು ಕೊಡಲೇಬೇಕು ಎಂದು ಹಟ ಹಿಡಿದರು. ಆಗಿನ 800ಕ್ಕೆ ಎಷ್ಟು ಬಂಗಾರ ಬರುತ್ತಿತ್ತೋ ಅಷ್ಟು ಬಂಗಾರದ ಈಗಿನ ಬೆಲೆ ಕೊಡುತ್ತೇನೆ ಎಂದರು. ಡೊಂಬಿವಲಿಯವರ ಮೂಲಕ ಯಜಮಾನರ ಮಗನಿಗೆ ಫೋನ್ ಮಾಡಿಸಿದೆ. ಅವರು ಮೊದಲು ಬೇಡವೇ ಬೇಡ ಎಂದರು. ಬೇಡ ಎಂದರೆ ಇವರಿಗೆ ಸಮಾಧಾನ ಆಗುವುದಿಲ್ಲ ಎಂದು ವಿವರಿಸಿದ ಮೇಲೆ, "ಹಾಗಾದರೆ 800 ಮಾತ್ರ ಕಳಿಸಿ, ಒಂದು ರೂಪಾಯಿ ಜಾಸ್ತಿ ಬೇಡ" ಎಂದರು. ಮಾವ ನೋಟುಗಳನ್ನು ನನ್ನ ಕೈಗೆ ಕೊಟ್ಟರು, ನಾನು ಅಂಗಡಿಯಲ್ಲೇ ನಿಂತು ಗೂಗಲ್ ಪೇ ಮಾಡಿದೆ. ಹೋಯಿತಾ ಎಂದು ಪರದೆಯನ್ನು ಅವರೇ ನೋಡಿ ಖಾತ್ರಿ ಮಾಡಿಕೊಂಡರು. ಆಮೇಲೆ ಅಮ್ಮನಿಗೆ ವಿಷಯ ಹೇಳಿದ್ದೂ ಅವರೇ, ನಮ್ಮ ಜಗಲಿಯಲ್ಲಿ ಕೂತು.

ಡೊಂಬಿವಲಿಯವರು ಚೌಕಿಯ ಚಿತ್ರವನ್ನು ಎಲ್ಲರಿಗೂ ಕಾಣುವಂತೆ ಹಾಕಲಾ ಎಂದು ಕೇಳಿದರು. ಚಿತ್ರ ಹಾಕಲಿ, ಮೇಳದಲ್ಲಿದ್ದ ಹೆಸರು ಹಾಕಲಿ, ಈಗಿನ ಹೆಸರು ಮತ್ತು ಊರು ಬೇಡ ಎಂದರು ಮಾವ. ಹಾಗಾಗಿ ಇಲ್ಲಿಯೂ ಹೆಸರುಗಳಿಲ್ಲ. ಗುಂಪಿನಲ್ಲಿದ್ದ ಅಂಗಡಿಯ ಚಿತ್ರವನ್ನೂ ಅವರನ್ನು ಕೇಳಿಯೇ ತೆಗೆದೆ. ನೀವೂ ಆ ಫೋಟೋದ ಕೆಳಗೆ "ಇವರು ಈಗ ನಮ್ಮೂರಿನಲ್ಲಿದ್ದಾರೆ" ಎಂದು ಏನಾದರೂ ಬರೆದಿದ್ದರೆ ಇವತ್ತೇ ಅಳಿಸಿ. ನೋಡುವವರು ಯಾರೆಂದು ನಿಮಗೆ ಗೊತ್ತಿಲ್ಲ. ಸಾಲಗಾರ ಇರಬಹುದು, ಜಗಳವಾಡಿದ ಅಣ್ಣ ಇರಬಹುದು.

ಚಿತ್ರದಲ್ಲಿ ಹಿಂದೆ ನಿಂತ ಮೂವರಲ್ಲಿ ಇಬ್ಬರ ಹೆಸರನ್ನು ಮಾವ ಹೇಳಿದ್ದಾರೆ. ಮುಂಡಾಸು ಕಟ್ಟಿಸಿಕೊಳ್ಳುತ್ತಿರುವವರು ಯಾರೆಂದು ನೆನಪಾಗುತ್ತಿಲ್ಲವಂತೆ. ಅದೇ ಒಂದು ಕೊರಗಾಗಿದೆ ಅವರಿಗೆ. 1970ರಿಂದ 1974ರ ನಡುವಿನ ಬಡಗಿನ ಡೇರೆ ಮೇಳಗಳ ಹ್ಯಾಂಡ್‌ಬಿಲ್ ಇದನ್ನು ಓದಿದವರ ಮನೆಯಲ್ಲಿ ಇದ್ದರೆ, ದಯವಿಟ್ಟು ಒಂದು ಫೋಟೋ ತೆಗೆದು ನನಗೆ ಕಳಿಸಿ.