ಹುಡುಗನ ಅಪ್ಪ ಸುಮ್ಮನೆ ಕೂತಿದ್ರು, ಮಾತಾಡಿದ್ದೆಲ್ಲ ಸೋದರಮಾವ, ಯಾಕೆ ಹೀಗೆ?

ನೀವು ಹಾವೇರಿ ಕಡೆಯವರು, ಉಡುಪಿಯ ಬಂಟರ ಹುಡುಗನ ಜೊತೆ ಮದುವೆ ಮಾತುಕತೆ ಆಗ್ತಾ ಉಂಟು, ನಿಮ್ಮಲ್ಲಿಗೆ ಬಂದಾಗ ಅವನ ಅಪ್ಪ ಒಂದು ಬದಿ ಕೂತು ಕಾಫಿ ಕುಡಿದ್ರು, ಎಲ್ಲಾ ಮಾತಾಡಿದ್ದು ಅವನ ಅಮ್ಮನ ಅಣ್ಣ, ಇದು ಅಪ್ಪನಿಗೆ ಮರ್ಯಾದೆ ಇಲ್ಲದ ಮನೆಯಾ, ಕುಟುಂಬದ ರೀತಿ ಬೇರೆ ಆದ್ರೆ ಅಲ್ಲಿ ಬೆಳೆದ ಮನುಷ್ಯನೇ ಬೇರೆ ಆಗ್ತಾನಾ ಅಂತ ಕೇಳಿದ್ದೀರಿ. ಮರ್ಯಾದೆ ಇಲ್ಲ ಅಂತ ದಯವಿಟ್ಟು ತಿಳ್ಕೊಳ್ಬೇಡಿ. ಮನುಷ್ಯ ಬೇರೆ ಆಗ್ತಾನಾ ಅಂದ್ರೆ, ಹೌದು, ಸ್ವಲ್ಪ ಆಗ್ತಾನೆ. ನನಗೀಗ 54 ವರ್ಷ, ಕಾಪು ಹತ್ರದ ಅಂಥದ್ದೇ ಒಂದು ಮನೆಯಲ್ಲಿ ಬೆಳೆದವ, ಈಗ ಮಂಗಳೂರಲ್ಲಿ ಇರೋದು, ಹಾಗಾಗಿ ಇದನ್ನು ನಾನು ಹೇಳದೆ ಇರ್ಲಿಕ್ಕೆ ಆಗ್ಲಿಲ್ಲ.

ನಮ್ಮ ಕಡೆ ಇದಕ್ಕೆ ಅಳಿಯಕಟ್ಟು ಅಂತಾರೆ, ಕಾಗದದಲ್ಲಿ ಅಳಿಯಸಂತಾನ. ನಿಮ್ಮ ಕಡೆಯದ್ದು, ನಮ್ಮ ಊರಿನ ಬ್ರಾಹ್ಮಣರದ್ದು, ಕೊಂಕಣಿಗರದ್ದು, ಕ್ರಿಶ್ಚಿಯನ್ನರದ್ದು ಮಕ್ಕಳಕಟ್ಟು, ಅಂದ್ರೆ ಅಪ್ಪನಿಂದ ಮಕ್ಕಳಿಗೆ. ಬಂಟರು, ಬಿಲ್ಲವರು, ಮೊಗವೀರರು ಹೀಗೆ ಸುಮಾರು ಜಾತಿಗಳಲ್ಲಿ ಕುಟುಂಬ ಹರಿಯೋದು ಅಮ್ಮನ ಕಡೆಯಿಂದ, ಹಿಂದೆ ಆಸ್ತಿ ಹೋಗ್ತಿದ್ದದ್ದು ಗಂಡಸಿನಿಂದ ಅವನ ಮಕ್ಕಳಿಗಲ್ಲ, ಅಕ್ಕತಂಗಿಯರ ಮಕ್ಕಳಿಗೆ. ನಿಮಗೆ ಗೋತ್ರ ಬೆಡಗು ಇದ್ದ ಹಾಗೆ ನಮಗೆ ಬರಿ, ಅದು ಅಮ್ಮನದ್ದೇ ಮಕ್ಕಳಿಗೆ ಬರೋದು. ಭೂತಾಳ ಪಾಂಡ್ಯ ಅಂತ ಒಬ್ಬ ರಾಜನ ಕಥೆ ಹೇಳ್ತಾರೆ, ಕುಂಡೋದರ ಅನ್ನುವ ಭೂತ ಬಲಿ ಕೇಳಿದಾಗ ಹೆಂಡತಿ ತನ್ನ ಮಗನನ್ನು ಕೊಡುವುದಿಲ್ಲ ಅಂದಳಂತೆ, ತಂಗಿ ತನ್ನ ಮಗನನ್ನು ಕೊಡ್ತೇನೆ ಅಂತ ಮುಂದೆ ಬಂದಳಂತೆ, ಹಾಗಾಗಿ ರಾಜ ಇನ್ನು ಮುಂದೆ ಎಲ್ಲ ತಂಗಿಯ ಮಕ್ಕಳಿಗೇ ಅಂತ ಕಟ್ಟು ಮಾಡಿದನಂತೆ. ಕಥೆ ಕಥೆಯೇ, ಆದ್ರೆ ಸಣ್ಣದಿರುವಾಗ ಅದನ್ನು ಕೇಳಿದ ಮಕ್ಕಳಿಗೆ ಮಾವನ ಹತ್ರ ಒಂದು ಋಣ ಉಂಟು ಅಂತ ಮನಸ್ಸಿಗೆ ಹೋಗ್ತದೆ.

ನಮ್ಮ ಮನೆಯದ್ದು ಹೇಳ್ತೇನೆ. ಅಪ್ಪ ಬೊಂಬಾಯಿಯ ಹೋಟೆಲಲ್ಲಿ ಗಲ್ಲೆಯಲ್ಲಿ ಕೂತುಕೊಳ್ತಿದ್ದವರು, ವರ್ಷಕ್ಕೊಮ್ಮೆ ಮೇ ತಿಂಗಳಲ್ಲಿ ಬರೋದು, ಅಮ್ಮ ನಾವು ಮೂರು ಮಕ್ಕಳು ಇದ್ದದ್ದು ಅಮ್ಮನ ಕುಟುಂಬದ ಮನೆಯಲ್ಲಿ, ಅಲ್ಲಿ ಯಜಮಾನಿಕೆ ಮಾವನದ್ದು. ತುಳುವಿನಲ್ಲಿ ತಮ್ಮಲೆ ಅಂತ ಹೇಳೋದು. ಭತ್ತ ತುಂಬಿಸುವ ಪತ್ತಾಯದ ಬೀಗದ ಕೈ ಅವರ ಸೊಂಟದಲ್ಲಿ, ಶಾಲೆ ಫೀಸು ಅವರ ಕೈಯಿಂದ, ಪರೀಕ್ಷೆಯಲ್ಲಿ ಮಾರ್ಕ್ ಕಡಿಮೆ ಬಂದ್ರೆ ಪೆಟ್ಟು ಸಹ ಅವರದ್ದೇ. ಮಾವ ಚಾವಡಿಗೆ ಬಂದ್ರು ಅಂದ್ರೆ ನಾವು ಮಕ್ಕಳೆಲ್ಲ ಹಿಂದಿನ ಬಾಗಿಲಿಂದ ತೋಟಕ್ಕೆ ಹೋಗ್ತಿದ್ದೆವು. ಅಪ್ಪನ ಹತ್ರ ಹೆದರಿಕೆ ಅನ್ನೋದು ನನಗೆ ಗೊತ್ತೇ ಇಲ್ಲ ಮಾರಾಯ್ರೆ, ಅಪ್ಪ ಅಂದ್ರೆ ಟ್ರಂಕು, ಅದರೊಳಗೆ ಹಲ್ವ, ಹೊಸ ಚಡ್ಡಿ, ರಾತ್ರಿ ಹೊಟ್ಟೆ ಮೇಲೆ ಕೂರಿಸ್ಕೊಂಡು ಬೊಂಬಾಯಿ ಲೋಕಲ್ ಟ್ರೇನಿನ ಕಥೆ. ಶಾಲೆಯಲ್ಲಿ ನನ್ನ ಪಕ್ಕ ಕೂರ್ತಿದ್ದ ಭಟ್ರ ಮಗ ಅಪ್ಪ ಬೈತಾರೆ ಅಂತ ಮನೆಗೆ ಹೋಗ್ಲಿಕ್ಕೆ ಹೆದರುವಾಗ ನನಗೆ ಆಶ್ಚರ್ಯ ಆಗ್ತಿತ್ತು, ಅಪ್ಪ ಯಾಕೆ ಬೈಬೇಕು, ಅದು ಮಾವನ ಕೆಲಸ ಅಲ್ವಾ ಅಂತ.

ದೊಡ್ಡವನಾದ ಮೇಲೆ ಮಲಿನೋವ್ಸ್ಕಿ ಅನ್ನುವ ಮಾನವಶಾಸ್ತ್ರಜ್ಞನ ಬಗ್ಗೆ ಓದಿದಾಗ ನನಗೆ ಮೈ ಜುಂ ಅಂತು. ಮೊದಲ ಮಹಾಯುದ್ಧದ ಸಮಯದಲ್ಲಿ ಅವರು ಈಗಿನ ಪಪುವಾ ನ್ಯೂಗಿನಿಗೆ ಸೇರಿದ ಟ್ರೋಬ್ರಿಯಾಂಡ್ ದ್ವೀಪದಲ್ಲಿ ಉಳ್ಕೊಂಡು ನೋಡಿದವರು. ಅಲ್ಲಿಯೂ ಕುಟುಂಬ ಅಮ್ಮನ ಕಡೆಯಿಂದ, ಅಲ್ಲಿಯೂ ಅಪ್ಪ ಮಗುವಿನ ಜೊತೆ ಆಡುವವ, ಗದರಿಸುವವ ಮಾವ. ಮಗನಿಗೆ ಅಪ್ಪನ ಮೇಲೆ ಒಳಗೊಳಗೆ ಸಿಟ್ಟು ಇದ್ದೇ ಇರ್ತದೆ ಅಂತ ಮನಶ್ಶಾಸ್ತ್ರಜ್ಞ ಫ್ರಾಯ್ಡ್ ಹೇಳಿದ್ದು ಎಲ್ಲ ಕಡೆಗೂ ಆಗ್ಲಿಕ್ಕಿಲ್ಲ, ಅಧಿಕಾರ ಯಾರ ಕೈಯಲ್ಲಿ ಉಂಟೋ ಸಿಟ್ಟು ಅವರ ಮೇಲೆ ಅಂತ ಮಲಿನೋವ್ಸ್ಕಿಯವರ ವಾದ. ಫ್ರಾಯ್ಡ್ ಸರಿಯಾ ಇವರು ಸರಿಯಾ ಅಂತ ತೀರ್ಮಾನ ಮಾಡುವಷ್ಟು ಓದಿದವ ನಾನಲ್ಲ, ಆದ್ರೆ ಎಲ್ಲಿಯೋ ಸಮುದ್ರದಾಚೆಯ ದ್ವೀಪದಲ್ಲಿ ನನ್ನ ಬಾಲ್ಯ ಇತ್ತು ಅಂತ ಅನಿಸಿದ್ದು ನಿಜ.

ಇದರ ಇನ್ನೊಂದು ಬದಿ ನನಗೆ ಗೊತ್ತಾದದ್ದು ತಡವಾಗಿ. ಮಾವನಿಗೂ ಹೆಂಡತಿ ಮಕ್ಕಳು ಇದ್ರು, ಅವರು ಇದ್ದದ್ದು ಕಾರ್ಕಳದ ಕಡೆ ಅತ್ತೆಯ ಮನೆಯಲ್ಲಿ, ಮಾವ ಶನಿವಾರ ಸಂಜೆ ಬಸ್ಸಿಗೆ ಹೋಗಿ ಸೋಮವಾರ ಬೆಳಿಗ್ಗೆ ವಾಪಸ್ ಬರ್ತಿದ್ರು. ನಮಗೆ ಅದು ಎರಡು ದಿನದ ಸ್ವಾತಂತ್ರ್ಯ. ಮಾವ ತೀರಿಕೊಂಡ ದಿನ ಅವರ ಮಗ, ನನಗಿಂತ ಎರಡು ವರ್ಷ ದೊಡ್ಡವ, ಅಂಗಳದ ತುದಿಯಲ್ಲಿ ನನ್ನ ಪಕ್ಕ ನಿಂತು "ನಿನಗೆ ಅವರ ಪೆಟ್ಟಾದ್ರೂ ಸಿಕ್ಕಿತು, ನನಗೆ ಅದು ಸಹ ಇಲ್ಲ" ಅಂತ ಹೇಳಿದ. ನಾನು ಎಂತ ಹೇಳ್ಲಿಕ್ಕೂ ಆಗದೆ ಅವನ ಕೈ ಹಿಡ್ಕೊಂಡು ನಿಂತೆ. ಇವತ್ತು ಅವನು ತನ್ನ ಮಕ್ಕಳನ್ನು ಒಂದು ರಾತ್ರಿಯೂ ಬಿಟ್ಟಿರುವುದಿಲ್ಲ, ದುಬೈಯ ಒಳ್ಳೆ ಕೆಲಸ ಬಿಟ್ಟು ಬಂದ, ಯಾಕೆ ಅಂತ ನಾನು ಕೇಳ್ಲಿಲ್ಲ.

ಹೆಂಗಸರ ವಿಷಯಕ್ಕೆ ಬರ್ತೇನೆ, ಯಾಕಂದ್ರೆ ನಿಮಗೆ ಮುಖ್ಯ ಅದು. ನಿಮ್ಮ ಕಡೆಯ ಬೀಸುವ ಪದಗಳಲ್ಲಿ ತವರಿನ ನೆನಪು ಎಷ್ಟು ಬರ್ತದೆ, ಕೇಳಿದ್ರೆ ಕಣ್ಣಲ್ಲಿ ನೀರು ಬರ್ತದೆ. ನನ್ನ ಅಜ್ಜಿಗೆ ಆ ನಮೂನೆಯ ತವರು ಇರ್ಲೇ ಇಲ್ಲ. ಅದು ಅವರ ಮನೆ ಅಷ್ಟೇ. 26ಕ್ಕೆ ಗಂಡ ಸತ್ತಾಗ ಅಜ್ಜಿ ಯಾರ ಮನೆಗೂ ತಿರುಗಿ ಬಂದದ್ದಲ್ಲ, ಯಾರ ಹಂಗಲ್ಲೂ ಬದುಕಿದ್ದಲ್ಲ, ಇದ್ದ ಮನೆಯಲ್ಲೇ ಇದ್ರು, ಅದೇ ಅಡುಗೆಕೋಣೆ ಅದೇ ಗದ್ದೆ. ಅಳಿಯಕಟ್ಟಿನ ಜಾತಿಗಳಲ್ಲಿ ವಿಧವೆ ಮತ್ತೆ ಮದುವೆ ಆಗೋದು ಹಿಂದಿನಿಂದಲೂ ಇತ್ತು, ಹೊಂದಾಣಿಕೆ ಆಗದಿದ್ರೆ ಬಿಡುವ ಕ್ರಮವೂ ಇತ್ತು, ಯಾಕಂದ್ರೆ ಹೆಣ್ಣಿನ ಅನ್ನ ಗಂಡನ ಕೈಯಲ್ಲಿ ಇರ್ಲಿಲ್ಲ. ಆ ಧೈರ್ಯ ಮಾತಿನಲ್ಲಿ ಕಾಣ್ತದೆ. ನಮ್ಮ ಕಡೆ ಹೆಂಗಸರದ್ದು ಜೋರು ಗಂಟಲು ಅಂತ ಹೊರಗಿನವರು ಹೇಳ್ತಾರಲ್ಲ, ನನಗೆ ಆ ಗಂಟಲಿನ ಮೇಲೆ ಬಹಳ ಗೌರವ ಉಂಟು.

ಆದ್ರೆ ಹೆಂಗಸರ ರಾಜ್ಯ ಅಂತ ಯಾರಾದ್ರೂ ಹೇಳಿದ್ರೆ ನಂಬ್ಬೇಡಿ. ಕುಟುಂಬದ ಹಿರಿಯಳು ಯಜಮಾನ್ತಿ ಆಗ್ಬಹುದಿತ್ತು, ಆದ್ರೂ ನಾನು ಕಂಡ ಮನೆಗಳಲ್ಲಿ ಹೆಸರು ಅಮ್ಮನದ್ದು, ಬೀಗದ ಕೈ ಮಾವನದ್ದು. ಮೇಘಾಲಯದ ಖಾಸಿಗಳಲ್ಲಿ ಮನೆ ಸಿಗೋದು ಕಿರಿಮಗಳಿಗೆ, ಕುಲದ ಹೆಸರು ಅಮ್ಮನದ್ದು, ಅಲ್ಲಿಯೂ ದೊಡ್ಡ ವಿಷಯಕ್ಕೆ ಅಮ್ಮನ ಅಣ್ಣತಮ್ಮಂದಿರನ್ನೇ ಕೇಳೋದು. ಖಾಸಿಗಳ ಮೇಲೆ ಮಾಡಿದ ಒಂದು ಪ್ರಯೋಗ 2009ರಲ್ಲಿ ಪ್ರಕಟ ಆಗಿತ್ತು, ಟೆನಿಸ್ ಬಾಲ್ ಬಕೆಟಿಗೆ ಎಸೆಯುವ ಆಟ, ಬಿದ್ದಷ್ಟಕ್ಕೆ ದುಡ್ಡು ಬೇಕಾ ಇಲ್ಲ ಇನ್ನೊಬ್ಬರ ಜೊತೆ ಸ್ಪರ್ಧೆ ಮಾಡಿ ಗೆದ್ದರೆ ಜಾಸ್ತಿ ದುಡ್ಡು ಬೇಕಾ ಅಂತ ಆರಿಸ್ಕೊಳ್ಳೋದು. ಟಾಂಜಾನಿಯಾದ ಮಸಾಯಿಗಳಲ್ಲಿ, ಅವರದ್ದು ಪೂರ್ತಿ ಗಂಡಸರ ಸಮಾಜ, ಸ್ಪರ್ಧೆ ಆರಿಸಿದ ಗಂಡಸರು ನೂರಕ್ಕೆ 50, ಹೆಂಗಸರು 26. ಖಾಸಿಗಳಲ್ಲಿ ಅದರ ಉಲ್ಟಾ, ಹೆಂಗಸರು 54, ಗಂಡಸರು 39. ಒಂದು ಬಾಲಿನ ಆಟದಿಂದ ಎಲ್ಲ ಗೊತ್ತಾಗ್ಲಿಕ್ಕಿಲ್ಲ. ಆದ್ರೆ ನನ್ನ ಅಕ್ಕ ಗದ್ದೆಯ ಬದಿ ನಿಂತು ಪಕ್ಕದ ಜಾಗದವರ ಹತ್ರ ಸರ್ವೆ ಕಲ್ಲಿನ ವಿಷಯ ಮಾತಾಡುವುದನ್ನು ನೋಡಿದವ ನಾನು, ನನಗೆ ಆ ಲೆಕ್ಕ ಆಶ್ಚರ್ಯ ತರ್ಲಿಲ್ಲ.

ಇಂಡೋನೇಷಿಯಾದ ಸುಮಾತ್ರದಲ್ಲಿ ಮಿನಾಂಗ್‌ಕಬಾವ್ ಅಂತ ಇದ್ದಾರೆ, ಹೆಚ್ಚುಕಮ್ಮಿ ಎಲ್ಲರೂ ಮುಸಲ್ಮಾನರು, ಮನೆ ಗದ್ದೆ ಅಮ್ಮನಿಂದ ಮಗಳಿಗೆ, ಹುಡುಗರು ಪ್ರಾಯಕ್ಕೆ ಬಂದ ಕೂಡ್ಲೆ ದುಡಿಯಲಿಕ್ಕೆ ಊರು ಬಿಟ್ಟು ಹೋಗೋದು ಅಲ್ಲಿಯ ದೊಡ್ಡ ಸಂಪ್ರದಾಯ. ನಮ್ಮ ಗಂಡಸರು ಬೊಂಬಾಯಿಗೆ ಹೋದದ್ದಕ್ಕೆ ಬಡತನ ಒಂದು ಕಾರಣ, ಆದ್ರೆ ಹಿಂದೆ ಮನೆ ನಡೆಸ್ಲಿಕ್ಕೆ ಅಮ್ಮ ಮತ್ತು ಮಾವ ಇದ್ದಾರೆ ಅನ್ನುವ ಧೈರ್ಯವೂ ಇತ್ತು ಅಂತ ನನಗೆ ಕಾಣ್ತದೆ.

ಕಾನೂನಿನಲ್ಲಿ ಇದೆಲ್ಲ ಮುಗಿದೇ ಹೋಗಿದೆ. ನಮ್ಮ ಜಿಲ್ಲೆ ಮದ್ರಾಸಿಗೆ ಸೇರಿದ್ದಾಗ 1949ರಲ್ಲಿ ಅಳಿಯಸಂತಾನ ಕಾಯ್ದೆ ಬಂದು ಪಾಲು ಕೇಳುವ ಹಕ್ಕು ಸಿಕ್ಕಿತು, 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯಿಂದ ಗಂಡಸಿನ ಪಾಲು ಅವನ ಹೆಂಡತಿ ಮಕ್ಕಳಿಗೂ ಹೋಗುವ ಹಾಗೆ ಆಯ್ತು, 1974ರ ಭೂಸುಧಾರಣೆಯಲ್ಲಿ ಗೇಣಿಗೆ ಕೊಟ್ಟ ಗದ್ದೆಯೆಲ್ಲ ಡಿಕ್ಲರೇಶನ್ ಅರ್ಜಿಯ ಮೇಲೆ ಉಳುವ ಒಕ್ಕಲಿಗೆ ಹೋಯ್ತು. ಹೋಗಿದ್ದು ನ್ಯಾಯವೇ. ಮಾವನ ಕೈಯಲ್ಲಿ ಕೊಡ್ಲಿಕ್ಕೆ ಈಗ ಎಂತ ಸಹ ಇಲ್ಲ, ಆದ್ರೂ ಮದುವೆ ಕಾಗದ ಹಂಚುವ ಮೊದಲು ಮಾವನನ್ನು ಕೇಳ್ದೆ ನಮ್ಮ ಕೈ ಮುಂದೆ ಹೋಗುವುದಿಲ್ಲ, ವರ್ಷಕ್ಕೊಮ್ಮೆ ದೈವಕ್ಕೆ ಮಾಡುವ ತಂಬಿಲ ಸೇವೆಗೆ ಬೆಂಗಳೂರಿಂದ ರಾತ್ರಿ ಬಸ್ಸು ಹತ್ತಿ ಬರೋದು ಅಮ್ಮನ ಕುಟುಂಬದ ಮನೆಗೇ. ನಿಮ್ಮ ಹುಡುಗ ಸಹ ಹಾಗೆ ಇರ್ಬೇಕು. ಅದು ಅವನ ಪುಕ್ಕಲುತನ ಅಲ್ಲ.

ಇನ್ನು ನೀವು ಕೇಳದ ಎರಡು ವಿಷಯ. ನಿಮ್ಮ ಕಡೆ ಸೋದರಮಾವನಿಗೆ ಅಕ್ಕನ ಮಗಳನ್ನು ಕೊಡುವ ಪದ್ಧತಿ ಉಂಟು, ಅದನ್ನು ಇಲ್ಲಿ ಯಾರ ಹತ್ರವಾದ್ರೂ ತಮಾಷೆಗೂ ಹೇಳ್ಬೇಡಿ, ಮಾವನದ್ದೂ ಸೊಸೆಯದ್ದೂ ಒಂದೇ ಬರಿ, ನಮಗೆ ಅದು ಅಪ್ಪ ಮಗಳ ಹಾಗೆ. ಎರಡನೆಯದ್ದು ನಿಮ್ಮ ಮಕ್ಕಳದ್ದು. ಬರಿ ಅಮ್ಮನಿಂದ ಬರೋದು, ನಿಮಗೆ ಬರಿ ಇಲ್ಲ, ಹಾಗಾದ್ರೆ ಮಗು ಯಾವ ಕುಟುಂಬದ್ದು? ನನ್ನ ತಮ್ಮನ ಹೆಂಡತಿ ಶಿವಮೊಗ್ಗದವಳು, ಅವಳ ಮಗಳು ಆರನೇ ಕ್ಲಾಸಲ್ಲಿ ಇದ್ದಾಗ ತಂಬಿಲದ ದಿನ ಯಾರೋ ನಿನ್ನ ಬರಿ ಎಂತ ಅಂತ ಕೇಳಿ ಮಗು ಅಳ್ತಾ ಒಳಗೆ ಬಂತು. ನನ್ನ ಅಮ್ಮ ಅವಳನ್ನು ಕರ್ಕೊಂಡು ಹೋಗಿ ಕುಟುಂಬದವರ ಸಾಲಲ್ಲಿ ತನ್ನ ಪಕ್ಕ ಎಲೆ ಹಾಕಿಸಿ ಕೂರಿಸಿದ್ರು, ಒಬ್ಬಿಬ್ಬರು ಹಿರಿಯರು ಅದು ಕ್ರಮ ಅಲ್ಲ ಅಂದ್ರು, ಅಮ್ಮ ಊಟ ಮುಂದುವರಿಸಿದ್ರು. ಆ ಪ್ರಶ್ನೆ ನಮ್ಮ ಮನೆಯಲ್ಲಿ ಇನ್ನೂ ಹಾಗೇ ಉಂಟು. ನೀವು ಮದುವೆಗೆ ಮೊದಲೇ ಇದನ್ನು ಹುಡುಗನ ಹತ್ರ ಕೇಳಿ, ಆಮೇಲೆ ಇಬ್ಬರೂ ಒಟ್ಟಿಗೆ ಹೋಗಿ ಅವನ ಅಮ್ಮನ ಹತ್ರ, ಮಾವನ ಹತ್ರ ಕೇಳಿ.

ಮತ್ತೆ ಆ ಸುಮ್ಮನೆ ಕೂತಿದ್ದ ಅಪ್ಪ. ಮುಂದಿನ ಸಲ ಅವರು ಬಂದಾಗ ನಿಮ್ಮ ಅಪ್ಪನನ್ನು ಅವರ ಪಕ್ಕವೇ ಕೂರಿಸಿ, ಮಗ ಸಣ್ಣದಿರುವಾಗ ಹೇಗಿದ್ದ ಅಂತ ನೀವೇ ಹೋಗಿ ಕೇಳಿ. ಅವರು ಮಾತಾಡ್ತಾರೆ, ಬಹಳ ಹೊತ್ತು ಮಾತಾಡ್ತಾರೆ.