ತುತ್ತತುದಿಯಲ್ಲಿ ಚೆಂಡು ನಿಂತುಬಿಡುತ್ತದೆಯೇ?

ಪ್ರಶ್ನೆ: ಪ್ರಥಮ ಪಿಯುಸಿ ವಿಜ್ಞಾನ ಓದುತ್ತಿದ್ದೇನೆ. ಚೆಂಡನ್ನು ಸೆಕೆಂಡಿಗೆ 20 ಮೀಟರ್ ವೇಗದಲ್ಲಿ, ನೆಲಕ್ಕೆ 60 ಡಿಗ್ರಿ ಕೋನದಲ್ಲಿ ಎಸೆದರೆ ತುತ್ತತುದಿಯಲ್ಲಿ ಅದರ ವೇಗ ಎಷ್ಟು ಎಂಬ ಲೆಕ್ಕಕ್ಕೆ ಸೊನ್ನೆ ಎಂದು ಬರೆದೆ. ತಪ್ಪು ಅಂದರು. ಏರುವುದು ನಿಂತ ಮೇಲೇ ಅಲ್ವಾ ಚೆಂಡು ಕೆಳಗೆ ಬರುವುದು?
– ವಿದ್ಯಾರ್ಥಿನಿ, ಗದಗ

ಉತ್ತರ: ನಿಮ್ಮ ಮಾತು ಅರ್ಧ ಸರಿ. ಏರುವುದು ನಿಲ್ಲುತ್ತದೆ. ಮುಂದಕ್ಕೆ ಹೋಗುವುದು ನಿಲ್ಲುವುದಿಲ್ಲ.

ಹುಬ್ಬಳ್ಳಿಯಿಂದ ಗದಗಿಗೆ ರೈಲಿನಲ್ಲಿ ಬರುತ್ತಿದ್ದೀರಿ ಅಂತ ಇಟ್ಟುಕೊಳ್ಳಿ. ರೈಲು ಗಂಟೆಗೆ 72 ಕಿಲೋಮೀಟರ್, ಅಂದರೆ ಸೆಕೆಂಡಿಗೆ 20 ಮೀಟರ್ ವೇಗದಲ್ಲಿ ಒಂದೇ ಸಮನೆ ಓಡುತ್ತಿದೆ. ಅಣ್ಣಿಗೇರಿ ಸ್ಟೇಶನ್ ನಿಲ್ಲದೆ ದಾಟುವಾಗ ಸೀಟಿನಲ್ಲಿ ಕೂತೇ ಒಂದು ಲಿಂಬೆಹಣ್ಣನ್ನು ನೆಟ್ಟಗೆ ಮೇಲಕ್ಕೆ ತೂರುತ್ತೀರಿ. ಸೆಕೆಂಡಿಗೆ 4.9 ಮೀಟರ್ ವೇಗ ಕೊಟ್ಟರೆ ಅದು ಸುಮಾರು ಒಂದೂಕಾಲು ಮೀಟರ್ ಏರಿ, ಸರಿಯಾಗಿ 1 ಸೆಕೆಂಡಿಗೆ ನಿಮ್ಮ ಕೈಗೇ ಬೀಳುತ್ತದೆ. ಅಷ್ಟರಲ್ಲಿ ರೈಲು 20 ಮೀಟರ್ ಮುಂದೆ ಹೋಗಿರುತ್ತದೆ! ಹಣ್ಣು ಹಿಂದೆ ಉಳಿಯಲಿಲ್ಲ, ಏಕೆಂದರೆ ಅದೂ 20 ಮೀಟರ್ ಬಂದಿದೆ. ನಿಮ್ಮ ಕಣ್ಣಿಗೆ ಅದು ನೆಟ್ಟಗೆ ಏರಿತು, ತುದಿಯಲ್ಲಿ ಒಂದು ಕ್ಷಣ ನಿಂತಿತು, ನೆಟ್ಟಗೆ ಇಳಿಯಿತು. ಪ್ಲಾಟ್‌ಫಾರ್ಮಿನಿಂದ ಕಿಟಕಿಯೊಳಗೆ ನೋಡಿದವರಿಗೆ ಅದೇ ಹಣ್ಣು ಕಮಾನಿನಂತೆ ಬಾಗಿ ಹೋಯಿತು. ತುದಿಯಲ್ಲೂ ಅದು ಸೆಕೆಂಡಿಗೆ 20 ಮೀಟರ್ ವೇಗದಲ್ಲೇ ಓಡುತ್ತಿತ್ತು.

ನಿಮ್ಮ ಲೆಕ್ಕದ ಚೆಂಡನ್ನು ಆ ಪ್ಲಾಟ್‌ಫಾರ್ಮಿನವರ ಹಾಗೆ ನೋಡಿ. ಭೂಮಿ ಎಳೆಯುವುದು ಕೆಳಕ್ಕೆ ಮಾತ್ರ. ಅಡ್ಡಕ್ಕೆ ತಡೆಯುವುದು ಗಾಳಿಯೊಂದೇ, ಪಠ್ಯದ ಲೆಕ್ಕಗಳಲ್ಲಿ ಅದನ್ನು ಬಿಟ್ಟೇ ಇರುತ್ತಾರೆ. ಹಾಗಾಗಿ ವೇಗದ ವೆಕ್ಟರನ್ನು, ಅಂದರೆ ಅಳತೆಯ ಜೊತೆ ದಿಕ್ಕೂ ಇರುವ ವೇಗವನ್ನು, ಮೊದಲು ಎರಡಾಗಿ ಒಡೆಯಿರಿ. ಅಡ್ಡ ಭಾಗ 20 × ಕಾಸ್ 60 = 10. ಲಂಬ ಭಾಗ 20 × ಸೈನ್ 60 = 17.3. ಈ 17.3 ಪ್ರತಿ ಸೆಕೆಂಡಿಗೆ 9.8ರಂತೆ ಕಡಿಮೆಯಾಗುತ್ತಾ ಸುಮಾರು 1.77 ಸೆಕೆಂಡಿಗೆ ಸೊನ್ನೆಯಾಗುತ್ತದೆ. 10 ಹಾಗೇ ಉಳಿಯುತ್ತದೆ. ಉತ್ತರ ಅದೇ: ಸೆಕೆಂಡಿಗೆ 10 ಮೀಟರ್, ನೆಲಕ್ಕೆ ಸಮಾನಾಂತರವಾಗಿ. ದಿಕ್ಕು ಬರೆಯದಿದ್ದರೆ ವೆಕ್ಟರ್ ಪೂರ್ತಿಯಾಗುವುದಿಲ್ಲ. ಸೂತ್ರಗಳ ಬಾಯಿಪಾಠಕ್ಕಿಂತ ಅಡ್ಡ ಭಾಗ, ಲಂಬ ಭಾಗ ಎಂಬ ಎರಡು ಸಾಲು ಬರೆದುಕೊಂಡು ಶುರು ಮಾಡುವ ರೂಢಿ ಎಷ್ಟೋ ಮೇಲು.

ತುದಿಯಲ್ಲಿ ವೇಗೋತ್ಕರ್ಷವೂ, ಅಂದರೆ ಪ್ರತಿ ಸೆಕೆಂಡಿಗೆ ವೇಗ ಬದಲಾಗುವ ಪ್ರಮಾಣವೂ, ಸೊನ್ನೆ ಅಂದುಕೊಳ್ಳುವವರು ಜಾಸ್ತಿ. ಹಾಗಿದ್ದಿದ್ದರೆ ಚೆಂಡು ಕೆಳಗೆ ಬಾಗದೆ ಆ ಎತ್ತರದಲ್ಲೇ ಸುಮ್ನೆ ಮುಂದೆ ಹೋಗುತ್ತಿರಬೇಕಿತ್ತು. ಏರುವಾಗ, ತುದಿಯಲ್ಲಿ, ಇಳಿಯುವಾಗ, ಎಲ್ಲ ಕಡೆ ಅದು ಕೆಳಮುಖವಾಗಿ 9.8 ಇದ್ದೇ ಇರುತ್ತದೆ. ಚಲನಶಕ್ತಿಯೂ ಪೂರ್ತಿ ಖಾಲಿಯಾಗಿಲ್ಲ. ನಿಮ್ಮ ಚೆಂಡಿನ ವೇಗ ಅರ್ಧಕ್ಕೆ ಇಳಿದಿದೆ, ಶಕ್ತಿ ವೇಗದ ವರ್ಗಕ್ಕೆ ತಕ್ಕಂತೆ ಬದಲಾಗುವುದರಿಂದ ಕಾಲು ಭಾಗ ಉಳಿದಿದೆ.

ನೀವು ಬರೆದ ಸೊನ್ನೆ ಸರಿಯಾಗುವುದು ಚೆಂಡನ್ನು ನೆಟ್ಟಗೆ, 90 ಡಿಗ್ರಿಯಲ್ಲಿ ಎಸೆದಾಗ ಮಾತ್ರ. ಆಗ ಕಾಸ್ 90 ಸೊನ್ನೆ, ಅಡ್ಡ ಭಾಗವೇ ಇರುವುದಿಲ್ಲ.