ಲಸಿಕೆ ಹಿಡಿಯಲಿ ಅಂತ ನಿಲ್ಲಿಸಿದ ಮಾತ್ರೆ

ಕೊರೋನಾ ಲಸಿಕೆಯಾದ ಮೇಲೆ ಮಾಡಿಸಿದ ಇಬ್ಬರ ರಕ್ತದ ರಿಪೋರ್ಟೂ ಒಂದೇ ಪ್ಲಾಸ್ಟಿಕ್ ಕವರಿನಲ್ಲಿತ್ತು. ವೈರಸ್ ತಡೆಯಲು ದೇಹ ತಯಾರಿಸುವ ಆಂಟಿಬಾಡಿ ಎಷ್ಟಿದೆ ಅಂತ ಅದರಲ್ಲಿತ್ತು. ಹೆಂಡತಿಯ ಆಂಟಿಬಾಡಿ 250ಕ್ಕಿಂತ ಜಾಸ್ತಿ. ಗಂಡನದು 0.40ಕ್ಕಿಂತ ಕಡಿಮೆ. 0.80 ದಾಟಿದರೆ ಇದೆ ಅಂತ ಲೆಕ್ಕ. ಅಂದರೆ ಅವರಿಗೆ ಇಲ್ಲವೇ ಇಲ್ಲ.

"ಮೇಡಂ, ಒಂದೇ ದಿನ, ಒಂದೇ ಕಡೆ ಹಾಕಿಸಿಕೊಂಡ್ವಿ. ಇವಳಿಗೆ ಬಂತು, ನನಗೆ ಬರಲಿಲ್ಲ. ನನ್ನ ಹೊಟ್ಟೆಯಲ್ಲಿ ಇರೋದೂ ಇವಳ ಕಿಡ್ನಿನೇ. ಮತ್ತೆ ಎಲ್ಲಿ ತಪ್ಪಾಯ್ತು?"

ಅದು 2021ರ ಆಗಸ್ಟ್. ನಾನು ಕಿಡ್ನಿ ಕಸಿ ಮಾಡಿಸಿಕೊಂಡವರ ಜೊತೆ ಕೆಲಸ ಮಾಡುವ ಆಪ್ತಸಲಹೆಗಾರ್ತಿ. ಇವರನ್ನು ಇಲ್ಲಿ ಟೈಲರಣ್ಣ ಅಂತಲೇ ಕರೆಯುತ್ತೇನೆ. ಗುರುತು ಸಿಗಬಾರದು ಅಂತ ಕೆಲವು ವಿವರ ಬದಲಿಸಿದ್ದೇನೆ. ಬರೆಯಲು ಇಬ್ಬರೂ ಒಪ್ಪಿದ್ದಾರೆ. ಟೈಲರಣ್ಣನ ವಯಸ್ಸು 49. ಸಣ್ಣ ಊರಿನ ಬಸ್‌ಸ್ಟ್ಯಾಂಡ್ ಹತ್ತಿರ ಅಂಗಡಿ. ಎರಡು ವರ್ಷ ಡಯಾಲಿಸಿಸ್, ಆಮೇಲೆ 2018ರಲ್ಲಿ ಹೆಂಡತಿ ಕೊಟ್ಟ ಕಿಡ್ನಿ. ಏಪ್ರಿಲ್‌ನಲ್ಲಿ ಕೋವಿಶೀಲ್ಡ್ ಮೊದಲ ಡೋಸ್, ಜುಲೈನಲ್ಲಿ ಎರಡನೆಯದು.

ನನ್ನ ಹತ್ತಿರ ಬರುವ ಎಲ್ಲರಿಗೂ ಒಂದು ಪ್ರಶ್ನೆ ಕೇಳುತ್ತೇನೆ. "ಮಾತ್ರೆ ಸರಿಯಾಗಿ ತಗೋತೀರಾ?" ಅಂತ ಅಲ್ಲ. ಅದಕ್ಕೆ ಎಲ್ಲರೂ ಹೂಂ ಅಂತಾರೆ. "ಹೋದ ವಾರ ಎಷ್ಟು ಸಲ ತಪ್ಪಿತು?" ಅಂತ ಕೇಳುತ್ತೇನೆ. ಟೈಲರಣ್ಣ ಉತ್ತರ ಕೊಡಲಿಲ್ಲ. ಹೆಂಡತಿ ಕಿಟಕಿ ಕಡೆ ನೋಡಿದರು. ಸ್ವಲ್ಪ ಹೊತ್ತಾದ ಮೇಲೆ ಅವರು ಚೀಲದಿಂದ ಒಂದು ಹಳೇ ಬಿಸ್ಕತ್ ಡಬ್ಬಿ ತೆಗೆದರು. ಮೇಲೆ ಅಂಗಿ ಗುಂಡಿಗಳು, ಕೆಳಗೆ ಮಾತ್ರೆ. ಕಸಿಯಾದ ಕಿಡ್ನಿಯನ್ನು ದೇಹ ಹೊರಗಿನದು ಅಂತ ತಿರಸ್ಕರಿಸದ ಹಾಗೆ ತಡೆಯುವ ಮೂರು ಮಾತ್ರೆ ಅವು. ಟ್ಯಾಕ್ರೋಲಿಮಸ್ ಶೀಟು ಅರ್ಧ ಖಾಲಿ. ಪ್ರೆಡ್ನಿಸೋಲೋನ್ ಕೂಡ ಹಾಗೇ. ಮೈಕೋಫೆನೋಲೇಟ್ ಶೀಟು ಮಾತ್ರ ಅಂಗಡಿಯಿಂದ ತಂದ ಹಾಗೇ ಇತ್ತು. ಒಂದು ಗುಳಿಯೂ ಒಡೆದಿರಲಿಲ್ಲ.

ಹನ್ನೊಂದು ದಿನದಿಂದ ನಿಲ್ಲಿಸಿದ್ದರು. ಆ ಮಾತ್ರೆ ಲಸಿಕೆಯನ್ನು ಕೊಲ್ಲುತ್ತೆ, ಎರಡು ವಾರ ಬಿಟ್ಟರೆ ಲಸಿಕೆ ಹಿಡಿಯುತ್ತೆ ಅಂತ ಯಾರೋ ಗಿರಾಕಿ ಫೋನಿಗೆ ಮೆಸೇಜು ಕಳಿಸಿದ್ದರಂತೆ.

ಈ ಪ್ರಕರಣದಲ್ಲಿ ನನಗೆ ಕಷ್ಟವಾದದ್ದು ಇದೇ. ಆ ಮೆಸೇಜಿನಲ್ಲಿ ಅರ್ಧ ನಿಜ ಇತ್ತು. ಪೂರ್ತಿ ಸುಳ್ಳಾಗಿದ್ದರೆ "ಸುಳ್ಳು" ಅಂತ ಹೇಳಿ ಮುಗಿಸಬಹುದಿತ್ತು. ಅರ್ಧ ನಿಜವನ್ನು ಹಾಗೆ ತಳ್ಳಿಹಾಕಿದರೆ ಮುಂದಿನ ಸಲ ಅವರು ನನ್ನನ್ನು ನಂಬೋದಿಲ್ಲ, ಆ ಗಿರಾಕಿಯನ್ನೇ ನಂಬುತ್ತಾರೆ.

ಆದರೆ ಆ ದಿನ ಮಾತು ಆಮೇಲೆ. ಮೊದಲು ಅವರನ್ನು ಕರೆದುಕೊಂಡು ಕಿಡ್ನಿ ಡಾಕ್ಟರ ಕೋಣೆಗೆ ಹೋದೆ. ಮಾತ್ರೆ ಬಿಡೋದು, ಶುರು ಮಾಡೋದು, ಡೋಸ್ ಬದಲಿಸೋದು ಆಪ್ತಸಲಹೆಗಾರರ ಕೆಲಸ ಅಲ್ಲ. ರಕ್ತ ಕೊಡಿಸಿದೆವು. ಕ್ರಿಯಾಟಿನಿನ್ ಅಂದರೆ ಕಿಡ್ನಿ ಹೊರಹಾಕುವ ಕಶ್ಮಲ, ರಕ್ತದಲ್ಲಿ ಅದು ಏರಿದರೆ ಕಿಡ್ನಿಗೆ ತೊಂದರೆ ಅಂತ. ಯಾವಾಗಲೂ 1.3 ಇರುತ್ತಿದ್ದದ್ದು 1.6 ಆಗಿತ್ತು. ಡಾಕ್ಟರ್ ಬೈಯಲಿಲ್ಲ. "ಇವತ್ತು ರಾತ್ರಿಯಿಂದಲೇ ಶುರು ಮಾಡಿ. ನಾಲ್ಕು ದಿನ ಬಿಟ್ಟು ಮತ್ತೆ ರಕ್ತ ಕೊಡಿ, ಇಳಿಯದಿದ್ದರೆ ಬಯಾಪ್ಸಿ" ಅಂದರು. ಕಿಡ್ನಿಯ ಸಣ್ಣ ಚೂರು ತೆಗೆದು ನೋಡುವ ಆ ಬಯಾಪ್ಸಿವರೆಗೆ ಹೋಗಲಿಲ್ಲ. ನಿಧಾನಕ್ಕೆ 1.4ಕ್ಕೆ ಬಂದು ನಿಂತಿತು. 1.3ಕ್ಕೆ ಮಾತ್ರ ವಾಪಸ್ ಬರಲೇ ಇಲ್ಲ.

ಮಧ್ಯಾಹ್ನ ಮತ್ತೆ ಕೂತೆವು. ಟೈಲರಣ್ಣನಿಗೆ ಅವರ ಕೆಲಸದ ಮಾತಿನಲ್ಲೇ ಹೇಳಿದೆ. ಲಸಿಕೆ ಅನ್ನೋದು ಅಳತೆ ಚೀಟಿ ಇದ್ದ ಹಾಗೆ. ವೈರಸ್‌ನ ಅಳತೆ ಅದರಲ್ಲಿರುತ್ತೆ. ನಿಮ್ಮ ದೇಹಕ್ಕೂ ಆ ಚೀಟಿ ತಲುಪಿದೆ. ಆದರೆ ಅಳತೆ ಬಂದರೆ ಸಾಕಾ? ಅದನ್ನು ನೋಡಿ ಹೊಲಿಯುವವರು ಸಾವಿರಗಟ್ಟಲೆ ಬೇಕು. ಆ ಹೊಲಿಯುವವರೇ ಬಿ ಕೋಶಗಳು. ಅವು ಒಂದು ಎರಡಾಗಿ, ಎರಡು ನಾಲ್ಕಾಗಿ ಬೆಳೆದ ಮೇಲೆಯೇ ಆಂಟಿಬಾಡಿ ರಾಶಿ ಬೀಳೋದು. ಹಾಗೆ ಬೆಳೆಯಲು ಡಿಎನ್‌ಎ ಕಟ್ಟುವ ಸಾಮಾನು ಬೇಕು. ಮೈಕೋಫೆನೋಲೇಟ್ ಆ ಸಾಮಾನಿಗೇ ಕೈ ಹಾಕುತ್ತೆ. "ದಾರ ಬರೋದನ್ನೇ ನಿಲ್ಲಿಸಿದ ಹಾಗೆ" ಅಂದೆ. ಇನ್ನು "ಹೂಂ, ಶುರು ಮಾಡಿ" ಅಂತ ಹೇಳುವ ಮೇಸ್ತ್ರಿ ಟಿ ಕೋಶ. ಆ ಮೇಸ್ತ್ರಿಯ ಬಾಯಿಯನ್ನು ಟ್ಯಾಕ್ರೋಲಿಮಸ್ ಕಟ್ಟುತ್ತೆ.

"ಹಾಗಾದ್ರೆ ಮೆಸೇಜು ಸರಿ ಇತ್ತಲ್ವಾ?" ಅಂದರು.

"ದಾರ ನಿಲ್ಲಿಸಿರೋದು ಲಸಿಕೆಯನ್ನು ತಡೆಯೋಕಲ್ಲ ಅಣ್ಣಾ. ಅದೇ ಹೊಲಿಯುವವರಿಗೆ ದಾರ ಸಿಕ್ಕಿದರೆ ಅವರು ಮೊದಲು ಅಳತೆ ತೆಗೆಯೋದು ನಿಮ್ಮ ಹೆಂಡತಿ ಕೊಟ್ಟ ಕಿಡ್ನಿದು."

ಅವರು ತುಂಬ ಹೊತ್ತು ಏನೂ ಮಾತಾಡಲಿಲ್ಲ.

ಆಮೇಲೆ ನೆದರ್‌ಲೆಂಡ್ಸ್‌ನಲ್ಲಿ ಕಿಡ್ನಿ ಕಸಿಯಾದವರಲ್ಲಿ ಇದನ್ನೇ ಪರೀಕ್ಷೆ ಮಾಡಿ ನೋಡಿದರು. ಡಾಕ್ಟರ ಕಣ್ಣೆದುರಿನಲ್ಲಿ, ಇನ್ನೊಂದು ಡೋಸ್ ಕೊಡುವ ಹಿಂದೆ ಒಂದು ವಾರ, ಮುಂದೆ ಒಂದು ವಾರ ಮೈಕೋಫೆನೋಲೇಟ್ ನಿಲ್ಲಿಸಿದರು. ಆಂಟಿಬಾಡಿಯಲ್ಲಿ ಲೆಕ್ಕಕ್ಕೆ ಹಿಡಿಯುವಷ್ಟು ವ್ಯತ್ಯಾಸ ಕಾಣಲಿಲ್ಲ. ಅನುಕೂಲ ಮಾಡಿದ್ದು ಮತ್ತೊಂದು ಡೋಸ್. ಟೈಲರಣ್ಣ ನಿಲ್ಲಿಸಿದ್ದಂತೂ ಎರಡನೇ ಡೋಸ್ ಹಾಕಿಸಿಕೊಂಡು ವಾರಗಳಾದ ಮೇಲೆ. ಅದರಿಂದ ಏನೂ ಬರುವ ಹಾಗಿರಲಿಲ್ಲ.

ಆ ಮಧ್ಯಾಹ್ನ, ಇದು ಇವರೊಬ್ಬರ ಕಥೆ ಅಲ್ಲ ಅಂತ ತೋರಿಸಲು ಕೆಲವು ಅಂಕಿ ಹೇಳಿದೆ. ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ತಂಡ 2021ರಲ್ಲಿ ಅಂಗಾಂಗ ಕಸಿಯಾದ 658 ಜನರನ್ನು ನೋಡಿತ್ತು. ಎರಡು ಡೋಸ್ ಆದ ಮೇಲೂ ಆಂಟಿಬಾಡಿ ಕಂಡದ್ದು ಶೇ. 54 ಜನರಲ್ಲಿ ಮಾತ್ರ. ಮೈಕೋಫೆನೋಲೇಟ್ ಥರದ ಮಾತ್ರೆ ತಗೋಳ್ಳುವವರಲ್ಲಿ ಇನ್ನೂ ಕಡಿಮೆ. ಫ್ರಾನ್ಸ್‌ನ ಟುಲೂಸ್‌ನಲ್ಲಿ ಕಸಿಯಾದ 101 ಜನರಿಗೆ ಮೂರನೇ ಡೋಸ್ ಕೊಟ್ಟರು. ಆಂಟಿಬಾಡಿ ಕಂಡವರು ಎರಡಾದ ಮೇಲೆ ಶೇ. 40 ಇದ್ದದ್ದು ಮೂರಾದ ಮೇಲೆ ಶೇ. 68 ಆಯಿತು. ಅವೆಲ್ಲ ಎಂಆರ್‌ಎನ್‌ಎ ಅನ್ನುವ ಬೇರೆ ಬಗೆಯ ಲಸಿಕೆಯ ಲೆಕ್ಕ. ಕೋವಿಶೀಲ್ಡ್‌ಗೆ ಹಾಗೇ ಕೂರಿಸೋಕೆ ಆಗಲ್ಲ, ಅದನ್ನೂ ಹೇಳಿದೆ. ಆದರೂ "ನನಗೊಬ್ಬನಿಗೇ ಹೀಗಾಯ್ತು" ಅನ್ನುವ ಭಾರ ಸ್ವಲ್ಪ ಇಳಿಯಿತು. ಅದು ಮುಖದಲ್ಲೇ ಕಾಣುತ್ತಿತ್ತು.

ಹೆಂಡತಿಯ ಜೊತೆ ಬೇರೆಯಾಗಿ ಮಾತಾಡಿದೆ. ಕಿಡ್ನಿ ಕೊಟ್ಟವರ ಮನಸ್ಸಿನಲ್ಲಿ ಒಂದು ಸಂಕಟ ಇರುತ್ತೆ. ಯಾರೂ ಕೇಳದೆ ಅವರಾಗಿ ಹೇಳೋದಿಲ್ಲ. ಕೇಳಿದೆ. "ನನ್ನ ಕಿಡ್ನಿ ಸರಿ ಇಲ್ಲ ಅಂತಲೇ ಅವರಿಗೆ ಲಸಿಕೆ ಹತ್ತಲಿಲ್ವಾ?" ಅಂದರು. ಮೂರು ವಾರದಿಂದ ಇದನ್ನೇ ನುಂಗಿಕೊಂಡಿದ್ದರು. ಗಂಡ ಮಾತ್ರೆ ನಿಲ್ಲಿಸಿದ್ದು ಅವರಿಗೆ ಗೊತ್ತಿತ್ತು. ಗೊತ್ತಿದ್ದೂ ತಡೆಯಲಿಲ್ಲ, ಯಾಕೆಂದರೆ ತಪ್ಪು ತನ್ನದೇ ಅಂದುಕೊಂಡಿದ್ದರು. ನಾನು ನೇರವಾಗಿ ಹೇಳಿದೆ. ಆಂಟಿಬಾಡಿ ತಯಾರಾಗೋದು ಕಿಡ್ನಿಯಲ್ಲಿ ಅಲ್ಲ. ನೀವು ಕೊಟ್ಟ ಕಿಡ್ನಿ ತನ್ನ ಕೆಲಸ ಮಾಡ್ತಾ ಇದೆ. ನಿಮ್ಮ ಆಂಟಿಬಾಡಿ ಅವರಿಗೆ ಸಾಲ ಕೊಡೋಕಾಗಲ್ಲ ನಿಜ. ಆದರೆ ವೈರಸ್ ನಿಮ್ಮ ಮೂಲಕ ಮನೆಗೆ ಬರೋದು ಕಡಿಮೆಯಾಗುತ್ತಲ್ಲ, ಅದೇ ಅವರಿಗೆ ಸಿಗುವ ಪಾಲು.

ಮನೆಯಲ್ಲಿ ಇನ್ನಿಬ್ಬರು ಇದ್ದರು. ಕಾಲೇಜಿಗೆ ಹೋಗುವ ಮಗ, 72 ವರ್ಷದ ಅಮ್ಮ. ಇಬ್ಬರೂ ಒಂದು ಡೋಸೂ ಹಾಕಿಸಿಕೊಂಡಿರಲಿಲ್ಲ. ಅಜ್ಜಿಗೆ ಜ್ವರದ ಹೆದರಿಕೆ, ಹುಡುಗನಿಗೆ ಸೋಮಾರಿತನ. ನನ್ನ ಮೊದಲ ಸಲಹೆ ಇದೇ ಆಗಿತ್ತು: ಈ ವಾರದಲ್ಲೇ ಇಬ್ಬರಿಗೂ ಹಾಕಿಸಿ. ಕಸಿಯಾದವರಿಗೆ ಲಸಿಕೆ ಅರ್ಧ ಹಿಡಿದರೆ, ಉಳಿದರ್ಧವನ್ನು ಸುತ್ತ ಇರುವವರು ತುಂಬಬೇಕು. ನಮ್ಮಲ್ಲಿ ರೋಗಿಯ ಕೈಯಲ್ಲಿ ಫೈಲು ಕೊಟ್ಟು ಕಳಿಸುತ್ತೇವೆ, ಮನೆಯವರನ್ನು ಕೂರಿಸಿ ಮಾತಾಡೋದಿಲ್ಲ. ಅದು ಬದಲಾಗಬೇಕು ಅಂತ ನನಗೆ ತುಂಬ ಅನಿಸುತ್ತೆ.

ಎರಡನೆಯದು ಅಂಗಡಿ. ಟೈಲರ್ ಅಂದರೆ ದಿನಕ್ಕೆ ಹತ್ತು ಜನರ ಕುತ್ತಿಗೆಗೆ ಟೇಪು ಸುತ್ತುವ ಕೆಲಸ. ಮುಖಕ್ಕೆ ಮುಖ ಒಂದು ಮೊಳ ದೂರ ಇರಲ್ಲ. ಅಂಗಡಿ ಮುಚ್ಚಿ ಅಂತ ಹೇಳುವ ಹಾಗಿಲ್ಲ, ಊಟ ಅದರಿಂದಲೇ. ದಾರಿ ಅವರೇ ಹುಡುಕಿದರು. "ಅಳತೆ ಬಟ್ಟೆ ತಂದುಕೊಡಿ" ಅಂತ ಬೋರ್ಡು ಹಾಕಿದರು. ಸರಿಯಾಗಿ ಕೂರುವ ಒಂದು ಹಳೇ ಅಂಗಿ ಕೊಟ್ಟರೆ ಸಾಕು, ಮೈ ಅಳತೆ ಬೇಡ. ಬೇಕೇ ಬೇಕು ಅಂದವರಿಗೆ ಜಗಲಿಯ ಮೇಲೆ, ಮಗನ ಕೈಯಲ್ಲಿ. ಎನ್95 ಮಾಸ್ಕ್ ಹಾಕಿಕೊಂಡೇ ಮಿಷನ್ ತುಳಿಯುತ್ತಿದ್ದರು.

ಮೂರನೆಯದು ರಿಪೋರ್ಟಿನ ವಿಷಯ. ಲಸಿಕೆಯಾದ ಮೇಲೆ ರಕ್ಷಣೆ ಎಷ್ಟಿದೆ ಅಂತ ಅಳೆಯಲು ಆಂಟಿಬಾಡಿ ಟೆಸ್ಟ್ ಬಳಸಬೇಡಿ ಅಂತ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2021ರ ಮೇನಲ್ಲೇ ಹೇಳಿತ್ತು. ಟಿ ಕೋಶಗಳು ಏನು ಕಲಿತಿವೆ ಅನ್ನೋದು ಆ ಕಾಗದದಲ್ಲಿ ಬರೋದೇ ಇಲ್ಲ. "ಇನ್ನೊಂದು ಸಲ ಮಾಡಿಸಬೇಕಾ?" ಅಂತ ಕೇಳಿದರು. ನಾನು ತಿರುಗಿ ಕೇಳಿದೆ: ನಂಬರು ಜಾಸ್ತಿ ಬಂದರೆ ಮಾಸ್ಕ್ ತೆಗೀತೀರಾ? ಕಡಿಮೆ ಬಂದರೆ ಮತ್ತೆ ಮಾತ್ರೆ ಬಿಡ್ತೀರಾ? ಎರಡಕ್ಕೂ ಇಲ್ಲ ಅಂದರು. ಹಾಗಾದರೆ ದುಡ್ಡು ಉಳಿಸಿ ಅಂದೆ.

ಮೂರನೇ ಡೋಸ್‌ಗೆ ಕಾಯಬೇಕಾಯಿತು. ಅಮೆರಿಕದಲ್ಲಿ ಕಸಿಯಾದವರಿಗೆ ಅದೇ ಆಗಸ್ಟ್‌ನಲ್ಲಿ ಅನುಮತಿ ಸಿಕ್ಕಿತ್ತು. ನಮ್ಮಲ್ಲಿ ಮುನ್ನೆಚ್ಚರಿಕೆ ಡೋಸ್ ಅನ್ನುವ ಹೆಸರಿನಲ್ಲಿ ಮೂರನೆಯದು ಶುರುವಾದದ್ದು 2022ರ ಜನವರಿ 10ರಂದು. ಅದೂ ಆರೋಗ್ಯ ಸಿಬ್ಬಂದಿಗೆ, ಮುಂಚೂಣಿ ಕೆಲಸಗಾರರಿಗೆ, ಬೇರೆ ಕಾಯಿಲೆ ಇರುವ 60 ದಾಟಿದವರಿಗೆ. 49ರ ಟೈಲರಣ್ಣ ಯಾವ ಪಟ್ಟಿಯಲ್ಲೂ ಇರಲಿಲ್ಲ. ಆ ಎಂಟು ತಿಂಗಳು ನನಗೆ ಈಗಲೂ ಬೇಜಾರು. ಏಪ್ರಿಲ್ 10ರಿಂದ ಖಾಸಗಿ ಕೇಂದ್ರಗಳಲ್ಲಿ 18 ದಾಟಿದವರಿಗೆಲ್ಲ ಕೊಡಲು ಶುರು ಮಾಡಿದರು. ಎರಡನೇ ಡೋಸ್ ಆಗಿ ಒಂಬತ್ತು ತಿಂಗಳು ತುಂಬಿದ ವಾರವೇ ಹೋಗಿ ಹಾಕಿಸಿಕೊಂಡರು. ಒಂದು ಮಾತ್ರೆಯನ್ನೂ ತಪ್ಪಿಸದೆ.

ಕೊರೋನಾ ಗಲಾಟೆಯಲ್ಲಿ ಬೇರೆ ಲಸಿಕೆಗಳು ಮರೆತೇ ಹೋಗಿದ್ದವು. ಫೈಲು ತೆಗೆದು ನೋಡಿದೆವು. ಡಯಾಲಿಸಿಸ್ ಕಾಲದಲ್ಲಿ ಹೆಪಟೈಟಿಸ್ ಬಿ ಲಸಿಕೆ ದುಪ್ಪಟ್ಟು ಡೋಸ್‌ನಲ್ಲಿ ನಾಲ್ಕು ಸಲ ಆಗಿತ್ತು. ಆಂಟಿಬಾಡಿ ನಿಂತಿದೆಯಾ ಅಂತ ಆಮೇಲೆ ಯಾರೂ ನೋಡಿರಲಿಲ್ಲ. ಇಲ್ಲಿ ಮಾತ್ರ ಟೆಸ್ಟ್ ಮಾಡಿಸೋದರಲ್ಲಿ ಅರ್ಥ ಇದೆ. 10ಕ್ಕಿಂತ ಕೆಳಗಿದ್ದರೆ ಮತ್ತೆ ಕೊಡಬೇಕು, ಅಷ್ಟು ಸ್ಪಷ್ಟ. ಫ್ಲೂ ಚುಚ್ಚುಮದ್ದು ವರ್ಷಕ್ಕೊಂದು, ನ್ಯುಮೋನಿಯಾದ್ದು ಡಾಕ್ಟರ್ ಹೇಳಿದ ಕ್ರಮದಲ್ಲಿ. ಜೀವಂತ ವೈರಸ್ ಇರುವ ಲಸಿಕೆಗಳು, ಅಂದರೆ ದಡಾರ, ಸೀತಾಳೆ ಸಿಡುಬು, ಮೂಗಿಗೆ ಹಾಕುವ ಫ್ಲೂ ಲಸಿಕೆ, ಇವರಿಗೆ ಬೇಡ. ಕಸಿಗೆ ಕಾಯುತ್ತಿರುವವರು ಇದನ್ನು ಓದುತ್ತಿದ್ದರೆ ಒಂದು ಮಾತು: ಬೇಕಾದ ಲಸಿಕೆ ಈಗಲೇ ಮುಗಿಸಿಕೊಳ್ಳಿ. ಜೀವಂತ ಲಸಿಕೆಯಾದರೆ ಕಸಿಗೆ ಕನಿಷ್ಠ ನಾಲ್ಕು ವಾರ ಮೊದಲು. ಮಾತ್ರೆ ಶುರುವಾದ ಮೇಲೆ ದೇಹ ಹಾಗೆ ಕಲಿಯಲ್ಲ.

2022ರ ಮಳೆಗಾಲದಲ್ಲಿ ಅವರ ಮಗಳು ಬಾಣಂತನಕ್ಕೆ ಬಂದಳು. ಟೈಲರಣ್ಣ ಫೋನ್ ಮಾಡಿದರು. ಮಗುವಿಗೆ ಪೋಲಿಯೋ ಹನಿ, ರೋಟಾವೈರಸ್ ಹನಿ ಹಾಕಿಸಬೇಕು, ಎರಡರಲ್ಲೂ ಜೀವಂತ ವೈರಸ್ ಇದೆಯಂತೆ, ಹಾಕಿಸೋದು ಬೇಡವಾ ಅಂತ. ಆ ಪ್ರಶ್ನೆ ಕೇಳಿ ನನಗೆ ಎಷ್ಟು ಸಮಾಧಾನ ಆಯಿತು ಅಂದರೆ, ಈ ಸಲ ಅವರು ಮೊದಲು ಕೇಳಿದ್ದರು. ಮಗುವಿನ ಲಸಿಕೆ ಯಾವುದೂ ತಪ್ಪಿಸಬೇಡಿ ಅಂದೆ. ಪೋಲಿಯೋಗೆ ಹನಿಯ ಬದಲು ಚುಚ್ಚುಮದ್ದು ಆಗುತ್ತಾ ಅಂತ ಮಕ್ಕಳ ಡಾಕ್ಟರನ್ನು ಕೇಳಿ. ಮನೆಯಲ್ಲಿ ಕಸಿಯಾದವರಿದ್ದಾರೆ ಅಂತ ಹೇಳೋದು ಮರೀಬೇಡಿ. ಈ ವೈರಸ್ ಮಗುವಿನ ಮಲದಲ್ಲಿ ಕೆಲವು ವಾರ ಹೊರಬರುತ್ತೆ. ಹಾಗಾಗಿ ಹನಿ ಹಾಕಿಸಿದ ಮೇಲೆ ನಾಲ್ಕು ವಾರ ಮಗುವಿನ ಒದ್ದೆ ಬಟ್ಟೆ ನೀವು ಮುಟ್ಟಬೇಡಿ, ಉಳಿದವರು ಸೋಪು ಹಾಕಿ ಕೈ ತೊಳೆಯಲಿ.

ಫೋನಿನ ಆ ಕಡೆ ಮಿಷನ್ ಸದ್ದು ನಿಂತಿತು. "ಹಾಗಾದ್ರೆ ಹೊಲಿಯೋದು ನನಗೆ, ಒಗೆಯೋದು ಇವಳಿಗೆ" ಅಂದರು. ಹಿಂದಿನಿಂದ ಹೆಂಡತಿ ಏನೋ ಅಂದದ್ದು ಕೇಳಿಸಿತು. ಮತ್ತೆ ಮಿಷನ್ ಶುರುವಾಯಿತು.